ಹೆಣಿಗೆ ಮತ್ತು ಕ್ರೋಶಾ: ಪದೇ ಪದೇ ಕೇಳುವ ಪ್ರಶ್ನೆಗಳು

ಉಲ್ಲನ್ ಉಂಡೆ, ಕಡ್ಡಿ ಹಿಡಿದು ಎಲ್ಲಾದರೂ ಕೂತರೆ ಸಾಕು, ಪಕ್ಕದವರು ಮಾತಿಗೆ ಬರುತ್ತಾರೆ. ಮೊದಲು "ಏನು ಹೆಣೀತಿದ್ದೀರಿ?" ಅಂತಾರೆ. ಆಮೇಲೆ "ನಮ್ಮಜ್ಜಿಗೂ ಬರ್ತಿತ್ತು" ಅಂತಾರೆ. ಅಷ್ಟು ಹೊತ್ತಿಗೆ ಅವರ ಕೈ ಹೆಣೆದ ತುಂಡಿನ ಮೇಲೆ ಬಂದಿರುತ್ತದೆ. ಮುಟ್ಟದೆ ಇರಲು ಯಾರಿಗೂ ಆಗುವುದಿಲ್ಲ. ಹೀಗೆ ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಹೆಣಿಗೆಗೂ ಕ್ರೋಶಾಗೂ ಏನು ವ್ಯತ್ಯಾಸ?

ಎರಡರಲ್ಲೂ ಮೂಲ ಕೆಲಸ ಒಂದೇ: ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುವುದು. ಹೆಣಿಗೆಯಲ್ಲಿ ಎರಡು ಕಡ್ಡಿ ಬೇಕು. ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡೇ ಇರುತ್ತವೆ. 80 ಕುಣಿಕೆ ಹಾಕಿದ್ದರೆ 80ನ್ನೂ ಕಡ್ಡಿ ಹಿಡಿದಿರಬೇಕು. ಕ್ರೋಶಾಗೆ ಒಂದೇ ಕೊಕ್ಕೆ ಸಾಕು. ಒಂದು ಕುಣಿಕೆಯ ಕೆಲಸ ಪೂರ್ತಿ ಮುಗಿಸಿಯೇ ಮುಂದಕ್ಕೆ ಹೋಗುತ್ತೀರಿ. ಹಾಗಾಗಿ ಎಲ್ಲೇ ನಿಲ್ಲಿಸಿದರೂ ಬಿಚ್ಚಿಹೋಗಬಹುದಾದದ್ದು ಸಾಮಾನ್ಯವಾಗಿ ಒಂದೇ ಒಂದು ಕುಣಿಕೆ.

ಈ ಒಂದು ವ್ಯತ್ಯಾಸದಿಂದ ಉಳಿದದ್ದೆಲ್ಲ ಬರುತ್ತದೆ. ಹೆಣೆದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಕಾಲುಚೀಲ, ಟೋಪಿ, ಸ್ವೆಟರ್‌ಗೆ ಅದೇ ಬೇಕು. ಕ್ರೋಶಾ ಸ್ವಲ್ಪ ದಪ್ಪ, ಗಟ್ಟಿ, ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ನೂಲೂ ಜಾಸ್ತಿ ತಿನ್ನುತ್ತದೆ. ಆದರೆ ಕೊಕ್ಕೆ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದಲ್ಲ, ಹಾಗಾಗಿ ಗೊಂಬೆ, ಹೂವು, ಚೀಲ, ದುಂಡಗಿನ ಮೇಜುಹಾಸು ಇದಕ್ಕೆಲ್ಲ ಕ್ರೋಶಾನೇ ಸುಲಭ.

ಇವು ಎಷ್ಟು ಹಳೆಯ ಕಲೆಗಳು?

ಹೆಣಿಗೆ ಹಳೆಯದು. ಕ್ರೋಶಾ ಅಷ್ಟು ಹಳೆಯದಲ್ಲ ಅಂದರೆ ತುಂಬ ಜನ ನಂಬುವುದಿಲ್ಲ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಂದು ಜೊತೆ ಕೆಂಪು ಕಾಲುಚೀಲಗಳಿವೆ. ಕ್ರಿ.ಶ. 250ರಿಂದ 420ರ ನಡುವಿನವು. ಚಪ್ಪಲಿ ಬಾರಿಗೆ ಅನುಕೂಲ ಆಗಲಿ ಅಂತ ಹೆಬ್ಬೆರಳಿನ ಭಾಗ ಬೇರೆಯೇ ಇದೆ. ನೋಡಿದರೆ ಅಪ್ಪಟ ಹೆಣಿಗೆ ಅನ್ನಿಸುತ್ತದೆ. ಆದರೆ ಅದು ಒಂದೇ ಸೂಜಿಯಲ್ಲಿ, ತುಂಡು ತುಂಡು ದಾರ ಪೋಣಿಸಿ ಮಾಡಿದ ಬೇರೆ ಕಲೆ. ಅದಕ್ಕೆ ನಾಲ್‌ಬೈಂಡಿಂಗ್ ಅನ್ನುತ್ತಾರೆ. ಕಡ್ಡಿಯಲ್ಲಿ ಹೆಣೆದ, ನಮ್ಮ ಕೈಗೆ ಸಿಕ್ಕಿರುವ ಹಳೆಯ ವಸ್ತುಗಳೂ ಈಜಿಪ್ಟಿನವೇ. ನೀಲಿ-ಬಿಳಿ ಹತ್ತಿ ನೂಲಿನ ಕಾಲುಚೀಲಗಳು, 11ರಿಂದ 14ನೇ ಶತಮಾನದ ನಡುವಿನವು. ವಿನ್ಯಾಸ ಎಷ್ಟು ಪಳಗಿದೆ ಅಂದರೆ, ಅದನ್ನು ಹೆಣೆದವರು ಕಲೆಯನ್ನು ಆಗ ತಾನೇ ಕಂಡುಹಿಡಿದವರಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೂ ಮೊದಲು ಎಷ್ಟೋ ತಲೆಮಾರು ಹೆಣೆದಿರಬೇಕು.

ಕ್ರೋಶಾ ಇಂದಿನ ರೂಪಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಹೆಸರೇ ಫ್ರೆಂಚ್ ಭಾಷೆಯದು, ಚಿಕ್ಕ ಕೊಕ್ಕೆ ಅಂತ ಅರ್ಥ. 1820ರ ದಶಕದಲ್ಲಿ ಪೆನೆಲೊಪೆ ಎಂಬ ಡಚ್ ಪತ್ರಿಕೆ ಇದರ ವಿನ್ಯಾಸಗಳನ್ನು ಅಚ್ಚು ಹಾಕಿತು. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂದಾಗ, ಲೆಕ್ಕವಿಲ್ಲದಷ್ಟು ಮನೆಗಳು ಕ್ರೋಶಾ ಲೇಸ್ ಹಾಕಿ ಮಾರಿ ಹೊಟ್ಟೆ ಹೊರೆದವು. ಒಂದು ಕೊಕ್ಕೆ, ಒಂದಿಷ್ಟು ಹತ್ತಿ ದಾರ, ಅಷ್ಟೇ ಬಂಡವಾಳ. ಐರಿಶ್ ಲೇಸಿನ ಗುಲಾಬಿ, ಎಲೆ ನೋಡಿ ಚೆಂದ ಅನ್ನುವಾಗ ನನಗೆ ಈ ಮಾತು ನೆನಪಾಗದೆ ಇರುವುದಿಲ್ಲ.

ಅಂಗಡಿಯಲ್ಲಿ ಸ್ವೆಟರ್ ಸಿಗುತ್ತಲ್ಲ, ಇಷ್ಟು ಕಷ್ಟ ಯಾಕೆ?

ಹೆಚ್ಚು ಬರುವ ಪ್ರಶ್ನೆ ಇದೇ. ಯಂತ್ರ ಬಂದದ್ದು ನಿನ್ನೆ ಮೊನ್ನೆ ಅಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಮಾಡಿದ್ದು 1589ರಲ್ಲಿ. ಅಂದರೆ 400ಕ್ಕೂ ಹೆಚ್ಚು ವರ್ಷಗಳಿಂದ ಕೈಗಿಂತ ವೇಗವಾಗಿ ಹೆಣೆಯುವ ಯಂತ್ರ ಇದೆ. ಆದರೂ ಕೈಹೆಣಿಗೆ ನಿಂತಿಲ್ಲ. ಉಳಿತಾಯಕ್ಕಾಗಿ ಮಾತ್ರ ಹೆಣೆಯುತ್ತಿದ್ದರೆ ಯಾವತ್ತೋ ನಿಲ್ಲಬೇಕಿತ್ತು, ಅಲ್ವಾ?

ನನ್ನ ಉತ್ತರ ಒಂದೇ: ಇದನ್ನು ಬಿಚ್ಚಬಹುದು.

ಮರ ತಪ್ಪು ಕೊಯ್ದರೆ ಮುಗಿಯಿತು. ಬಟ್ಟೆ ತಪ್ಪು ಕತ್ತರಿಸಿದರೂ ಅಷ್ಟೇ. ಮಣ್ಣು ಬೆಂದ ಮೇಲೆ ತಿದ್ದಲಾಗುವುದಿಲ್ಲ. ಹೆಣಿಗೆ ಹಾಗಲ್ಲ. ಒಂದೇ ಎಳೆ ಮೊದಲಿಂದ ಕೊನೆಯವರೆಗೂ ಓಡಿರುತ್ತದೆ. ತುದಿ ಹಿಡಿದು ಎಳೆದರೆ ವಾರದ ಕೆಲಸ ಐದು ನಿಮಿಷದಲ್ಲಿ ಮತ್ತೆ ನೂಲಾಗುತ್ತದೆ. ಸಮಯ ಹೋಗಿರುತ್ತದೆ, ಆದರೆ ಸಾಮಾನು ಹಾಗೇ ಇರುತ್ತದೆ. ಕೈಗೆ ಪಾಠವೂ ಸಿಕ್ಕಿರುತ್ತದೆ. ಹೆದರದೆ ಕಲಿಯಬಹುದಾದ ಕೆಲಸ ನಮ್ಮ ಬದುಕಿನಲ್ಲಿ ಎಷ್ಟಿವೆ ಹೇಳಿ? ಆರು ವರ್ಷದ ಮಗುವಿಗೂ ಎಪ್ಪತ್ತು ದಾಟಿದವರಿಗೂ ಒಂದೇ ಉಂಡೆ ಕೊಟ್ಟು "ತಪ್ಪಾದ್ರೆ ಬಿಚ್ಚು, ಏನಾಗಲ್ಲ" ಅನ್ನಬಹುದು.

ಇನ್ನೊಂದು ಮಾತೂ ಇದೆ. ಕೈಯಲ್ಲಿ ಹೆಣೆದದ್ದು ಯಾರೋ ಒಬ್ಬರ ಅಳತೆಗೆ ಆಗಿರುತ್ತದೆ. ಒಂದು ತೋಳು ಸ್ವಲ್ಪ ಉದ್ದ ಬೇಕಾದವರಿಗೆ ಅದೇ ತೋಳು ಉದ್ದ. ಕತ್ತಿಗೆ ಚುಚ್ಚುತ್ತೆ ಅನ್ನುವವರಿಗೆ ಕಾಲರ್ ಮಾತ್ರ ಹತ್ತಿ ನೂಲಿನದು. ಇದನ್ನು ಯಾವ ಅಂಗಡಿಯೂ ಮಾಡಿಕೊಡುವುದಿಲ್ಲ.

ಕ್ರೋಶಾ ಯಂತ್ರದಲ್ಲಿ ಆಗುವುದಿಲ್ಲ ಅನ್ನುತ್ತಾರೆ, ನಿಜವಾ?

ಹೌದು, ಇವತ್ತಿನವರೆಗೂ ನಿಜವಾದ ಕ್ರೋಶಾ ಹಾಕುವ ಕಾರ್ಖಾನೆ ಯಂತ್ರ ಬಳಕೆಯಲ್ಲಿ ಇಲ್ಲ. ಪ್ರಯೋಗಾಲಯಗಳಲ್ಲಿ ಮಾದರಿಗಳು ಬಂದಿವೆ, ಅಷ್ಟೇ. ಕೊಕ್ಕೆ ಪ್ರತಿ ಸಲ ಬಟ್ಟೆಯೊಳಗೆ ಸರಿಯಾದ ಜಾಗ ಹುಡುಕಿ ತೂರಬೇಕು, ಆ ಜಾಗ ಪ್ರತಿ ಕುಣಿಕೆಗೂ ಬೇರೆ. ಇದು ಯಂತ್ರಕ್ಕೆ ಕಷ್ಟ. ಕ್ರೋಶಾ ಹೆಸರಿನ ಹೆಣಿಗೆ ಯಂತ್ರಗಳಿವೆ. ಅವು ಕೊಡುವುದು ನೋಡಲು ಹಾಗೇ ಕಾಣುವ ಬೇರೆ ರೀತಿಯ ಬಟ್ಟೆ.

ಇದರ ಅರ್ಥ ಏನು ಗೊತ್ತಾ? ಅಂಗಡಿಯಲ್ಲಿ ಅಗ್ಗಕ್ಕೆ ನೇತು ಹಾಕಿರುವ ಅಸಲಿ ಕ್ರೋಶಾ ಟಾಪ್ ಅನ್ನು ಯಾರೋ ಒಬ್ಬರು ಗಂಟೆಗಟ್ಟಲೆ ಕೂತು ಕೈಯಲ್ಲೇ ಹಾಕಿದ್ದಾರೆ. ಬೆಲೆ ಚೀಟಿ ನೋಡಿದಾಗ ಅವರಿಗೆ ಸಿಕ್ಕಿದ್ದು ಎಷ್ಟಿರಬಹುದು ಅಂತ ಒಮ್ಮೆ ಲೆಕ್ಕ ಹಾಕಿ. ಒಂದು ಸಲ ಕೊಕ್ಕೆ ಹಿಡಿದವರಿಗೆ ಈ ಲೆಕ್ಕ ಮರೆಯಲು ಆಗುವುದಿಲ್ಲ.

ಇದು ಹೆಂಗಸರ ಕೆಲಸ ಅಲ್ವಾ?

ಅಲ್ಲ. ಯುರೋಪಿನ ನಗರಗಳಲ್ಲಿ ಹೆಣಿಗೆಯ ವೃತ್ತಿ ಸಂಘಗಳಿದ್ದವು. ಅವುಗಳಲ್ಲಿ ಗುರುಗಳೂ ಗಂಡಸರು, ಶಿಷ್ಯರೂ ಗಂಡಸರು. ವರ್ಷಗಟ್ಟಲೆ ಕಲಿತು, ಪರೀಕ್ಷೆಗೆ ಅಂತ ಹೂಬಳ್ಳಿ ತುಂಬಿದ ದೊಡ್ಡ ಕಂಬಳಿ ಹೆಣೆದು ತೋರಿಸಬೇಕಿತ್ತು. ಪೆರುವಿನ ಟಿಟಿಕಾಕಾ ಸರೋವರದಲ್ಲಿರುವ ಟಾಕಿಲೆ ದ್ವೀಪದಲ್ಲಿ ಇಂದಿಗೂ ಟೋಪಿ ಹೆಣೆಯುವವರು ಗಂಡಸರೇ, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅಲ್ಲಿನ ಬಟ್ಟೆ ಕಲೆಗೆ 2005ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆದಾಗ ಬ್ರಿಟನ್ನಿನ ಡೈವಿಂಗ್ ಆಟಗಾರ ಟಾಮ್ ಡೇಲಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಹೆಣೆಯುತ್ತಿದ್ದುದನ್ನು ಜಗತ್ತೇ ನೋಡಿತು. ಗೆದ್ದ ಚಿನ್ನದ ಪದಕಕ್ಕೆ ಗೀರು ಬೀಳದಿರಲಿ ಅಂತ ಒಂದು ಪುಟ್ಟ ಚೀಲ ಹೆಣೆದುಕೊಂಡಿದ್ದರು. ಆಮೇಲೆ ಎಷ್ಟೋ ಹುಡುಗರು ನನ್ನ ಹತ್ತಿರ ಸಂಕೋಚವಿಲ್ಲದೆ ಕಡ್ಡಿ ಕೇಳಿ ತೆಗೆದುಕೊಂಡಿದ್ದಾರೆ. ತುಂಬ ಸಂತೋಷವಾಗುತ್ತದೆ.

ಈಗಿನ ಹುಡುಗ ಹುಡುಗಿಯರಿಗೆ ಯಾಕೆ ಇದ್ದಕ್ಕಿದ್ದಂತೆ ಇಷ್ಟವಾಯಿತು?

ಇದ್ದಕ್ಕಿದ್ದಂತೆ ಏನಿಲ್ಲ. ಹೆಣೆಯುವವರೇ ಸೇರುವ ರಾವೆಲ್ರಿ ಎಂಬ ಜಾಲತಾಣ 2007ರಲ್ಲೇ ಶುರುವಾಯಿತು. ಮೊದಲೆಲ್ಲ ಗೊತ್ತಿರುವ ಯಾರಾದರೂ ಪಕ್ಕದಲ್ಲಿ ಕೂತು ಕಲಿಸಬೇಕಿತ್ತು. ಈಗ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಬೆರಳು ಎಲ್ಲಿ ಹೋಯಿತು ಅಂತ ಹತ್ತು ಸಲ ನೋಡಬಹುದು. 2020ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ತೊಟ್ಟಿದ್ದ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್ ನೋಡಿ ಸಾವಿರಾರು ಜನ ಅದನ್ನು ತಾವೇ ಹೆಣೆಯಲು ಹೊರಟರು. ಕೊನೆಗೆ ವಿನ್ಯಾಸಕಾರ ಜೆ.ಡಬ್ಲ್ಯೂ. ಆಂಡರ್ಸನ್ ಅದರ ಪ್ಯಾಟರ್ನ್, ಅಂದರೆ ಹೆಣೆಯುವ ಕ್ರಮ ಬರೆದ ಹಾಳೆಯನ್ನೇ ಉಚಿತವಾಗಿ ಬಿಟ್ಟುಕೊಟ್ಟರು. ಸುಮ್ನೆ ಫ್ಯಾಷನ್ ಅಂತ ಬಂದವರಲ್ಲಿ ಕೆಲವರು ಬಿಟ್ಟು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ. ಯಾವಾಗಲೂ ಹಾಗೇ.

ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಅನ್ನುವುದು ನಿಜವಾ?

2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ 3,545 ಹೆಣಿಗೆಗಾರರ ಸಮೀಕ್ಷೆ ಪ್ರಕಟವಾಯಿತು. ಜಾಸ್ತಿ ಹೆಣೆಯುವವರು ತಮಗೆ ಮನಸ್ಸು ಶಾಂತವಾಗಿದೆ, ಸಂತೋಷವಾಗಿದೆ ಅಂತ ಹೇಳಿಕೊಂಡಿದ್ದರು. ಗಮನಿಸಿ, ಇದು ಅವರೇ ಹೇಳಿಕೊಂಡದ್ದು. ಔಷಧಿಗೆ ಬದಲು ಹೆಣಿಗೆ ಅಂತ ಯಾರೂ ಅಂದುಕೊಳ್ಳಬಾರದು.

ನನ್ನ ಅನುಭವ ಹೇಳುತ್ತೇನೆ. ಮನೆಯವರೊಬ್ಬರು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಕಾರಿಡಾರಿನಲ್ಲಿ ಕೂತಿದ್ದೆ. ಪುಸ್ತಕ ತೆರೆದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಕೈಯಲ್ಲಿ ಬೂದು ಬಣ್ಣದ ಟೋಪಿ ಇತ್ತು, ಎರಡು ನೇರ, ಎರಡು ಉಲ್ಟಾ (ಹೊಸ ಕುಣಿಕೆಯನ್ನು ಮುಂದಕ್ಕೆ ಎಳೆದರೆ ನೇರ, ಹಿಂದಕ್ಕೆ ಎಳೆದರೆ ಉಲ್ಟಾ). ತಲೆ ಓಡದಿದ್ದರೂ ಕೈ ಓಡುತ್ತಿತ್ತು. ಸಂಜೆ ನೋಡಿದರೆ ನಾಲ್ಕು ಬೆರಳಷ್ಟು ಬೆಳೆದಿರುತ್ತಿತ್ತು. ಆ ದಿನಗಳಲ್ಲಿ ಮುಂದಕ್ಕೆ ಹೋಗಿದ್ದು ಅದೊಂದೇ.

ಮೊದಲು ಯಾವುದು ಕಲಿಯಲಿ? ಯಾವ ನೂಲು ತಗೊಳ್ಳಲಿ?

ಗೊಂಬೆ, ಚೀಲ ಬೇಕಾದರೆ ಕ್ರೋಶಾ. ಉಡುವ ಬಟ್ಟೆ ಬೇಕಾದರೆ ಹೆಣಿಗೆ. ಏನೂ ಗೊತ್ತಿಲ್ಲ ಅನ್ನುವವರು ಕ್ರೋಶಾದಿಂದ ಶುರು ಮಾಡಿ, ಕೈತಪ್ಪಿ ಬಿದ್ದರೂ ಹಾಳಾಗುವುದು ಕಡಿಮೆ.

ನೂಲು ಮಧ್ಯಮ ದಪ್ಪದ್ದಿರಲಿ, ತಿಳಿ ಬಣ್ಣದ್ದಿರಲಿ, ನುಣುಪಾಗಿರಲಿ. ಕಪ್ಪು ನೂಲಿನಲ್ಲಿ ಕುಣಿಕೆ ಕಾಣುವುದಿಲ್ಲ. ರೋಮ ರೋಮವಾಗಿರುವ ಮೊಹೇರ್ (ಆಡಿನ ಕೂದಲಿನ ನೂಲು) ನೋಡಲು ಆಸೆಯಾಗುತ್ತದೆ, ಆದರೆ ಬಿಚ್ಚುವಾಗ ಒಂದಕ್ಕೊಂದು ಅಂಟಿಕೊಂಡು ಕಣ್ಣಲ್ಲಿ ನೀರು ತರಿಸುತ್ತದೆ. 4 ಮಿಲಿಮೀಟರ್ ಕಡ್ಡಿ ಅಥವಾ ಕೊಕ್ಕೆ ಸಾಕು. ಜಾರುವ ಲೋಹಕ್ಕಿಂತ ಮೊದಲಿಗೆ ಬಿದಿರಿನ ಕಡ್ಡಿ ಒಳ್ಳೆಯದು.

ಲೇಬಲ್ ಮೇಲೆ ಬಣ್ಣದ ಲಾಟ್ ಸಂಖ್ಯೆ, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲಿನ ಗುಂಪಿನ ಸಂಖ್ಯೆ ಇರುತ್ತದೆ. ಬೇಕಾದಷ್ಟನ್ನೂ ಒಂದೇ ಲಾಟಿನಲ್ಲಿ ಒಟ್ಟಿಗೆ ತೆಗೆದುಕೊಳ್ಳಿ. ಅಂಗಡಿಯ ದೀಪದಲ್ಲಿ ಒಂದೇ ಕಂಡ ಎರಡು ಉಂಡೆ, ಬಿಸಿಲಿಗೆ ಬಂದಾಗ ಬೇರೆ ಬೇರೆ ಕಾಣುತ್ತವೆ.

ನನ್ನ ಮಫ್ಲರ್ ಅಗಲ ಆಗುತ್ತಾ ಹೋಗ್ತಿದೆ. ಏನು ತಪ್ಪು?

ಹೊಸಬರಿಗೆಲ್ಲ ಆಗುತ್ತದೆ. 30 ಕುಣಿಕೆಯಿಂದ ಹೊರಟದ್ದು ಒಂದು ಗೇಣು ದಾಟುವಷ್ಟರಲ್ಲಿ 38 ಆಗಿರುತ್ತದೆ. ಸಾಲಿನ ಶುರುವಿನಲ್ಲಿ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿರುತ್ತೀರಿ. ಆಗ ಮೊದಲ ಕುಣಿಕೆಯ ಎರಡೂ ಕಾಲು ಮೇಲೆದ್ದು, ಒಂದು ಕುಣಿಕೆ ಎರಡರಂತೆ ಕಾಣುತ್ತದೆ. ನೀವು ಎರಡನ್ನೂ ಹೆಣೆಯುತ್ತೀರಿ. ನೂಲು ಯಾವಾಗಲೂ ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ಹೋಗಲಿ. ಕ್ರೋಶಾದಲ್ಲಿ ಇದರ ಉಲ್ಟಾ. ಸಾಲಿನ ಕೊನೆಯ ಕುಣಿಕೆ ಕಣ್ಣಿಗೆ ಬೀಳದೆ ಬಿಟ್ಟುಹೋಗಿ ಅಗಲ ಕಡಿಮೆಯಾಗುತ್ತದೆ. ಎಣಿಸಿ. ಎರಡು ಸಾಲಿಗೊಮ್ಮೆ ಎಣಿಸಿದರೆ ಸಾಕು.

ಅಂಚು ಸುರುಳಿ ಸುತ್ತಿಕೊಳ್ಳುತ್ತದಲ್ಲ?

ಒಂದು ಕಡೆ ಎಲ್ಲ ನೇರ, ಇನ್ನೊಂದು ಕಡೆ ಎಲ್ಲ ಉಲ್ಟಾ ಇದ್ದರೆ ಸುತ್ತಿಕೊಳ್ಳಲೇಬೇಕು. ಅದು ನಿಮ್ಮ ತಪ್ಪಲ್ಲ, ಇಸ್ತ್ರಿಯಿಂದಲೂ ಹೋಗುವುದಿಲ್ಲ. ಅಂಚಿಗೆ ನಾಲ್ಕು ಕುಣಿಕೆ ಎರಡೂ ಕಡೆಯಿಂದ ನೇರವಾಗಿಯೇ ಹೆಣೆಯಿರಿ.

ಸ್ಯಾಂಪಲ್ ತುಂಡು ಹೆಣೆಯಲೇಬೇಕಾ?

ಮಫ್ಲರ್‌ಗೆ ಬೇಡ. ಸ್ವೆಟರ್‌ಗೆ ಬೇಕೇ ಬೇಕು. ಲೆಕ್ಕ ನೋಡಿ. ಪ್ಯಾಟರ್ನ್ 10 ಸೆಂಟಿಮೀಟರಿಗೆ 22 ಕುಣಿಕೆ ಅನ್ನುತ್ತದೆ, ಎದೆ ಸುತ್ತಳತೆ 100 ಸೆಂಟಿಮೀಟರ್, ಅಂದರೆ 220 ಕುಣಿಕೆ. ನಿಮ್ಮ ಕೈ ಸ್ವಲ್ಪ ಸಡಿಲ, 10 ಸೆಂಟಿಮೀಟರಿಗೆ 20 ಮಾತ್ರ ಬರುತ್ತದೆ ಅಂದುಕೊಳ್ಳಿ. ಎರಡೇ ಕುಣಿಕೆ ತಾನೇ ಅನ್ನಿಸುತ್ತದೆ. ಆದರೆ ಅದೇ 220 ಕುಣಿಕೆ 110 ಸೆಂಟಿಮೀಟರ್ ಆಗುತ್ತದೆ. ಸ್ವೆಟರ್ ಇನ್ನೊಬ್ಬರಿಗೆ ಸರಿಹೋಗುತ್ತದೆ. ತುಂಡನ್ನು ಹೆಣೆದು, ಒಗೆದು, ಒಣಗಿಸಿ ಆಮೇಲೆ ಅಳೆಯಿರಿ. ಎಷ್ಟೋ ನೂಲು ನೀರು ಕುಡಿದ ಮೇಲೆ ಬೇರೆಯೇ ಆಗುತ್ತದೆ.

ಒಂದು ಸ್ವೆಟರ್‌ಗೆ ಎಷ್ಟು ದಿನ ಬೇಕು?

ಮೇಲಿನ ಅಳತೆಯಲ್ಲೇ ಹೋಗೋಣ. 10 ಸೆಂಟಿಮೀಟರ್ ಚೌಕದಲ್ಲಿ 22 ಕುಣಿಕೆ, 28 ಸಾಲು, ಒಟ್ಟು 616. ದೊಡ್ಡವರ ಸ್ವೆಟರ್‌ಗೆ ಹೆಚ್ಚು ಕಡಿಮೆ ಒಂದು ಚದರ ಮೀಟರ್ ಬಟ್ಟೆ ಅಂತಿಟ್ಟುಕೊಂಡರೆ 61,600 ಕುಣಿಕೆ. ನಿಮಿಷಕ್ಕೆ 25 ಹೆಣೆದರೆ 41 ಗಂಟೆ. ದಿನಕ್ಕೆ ಒಂದು ಗಂಟೆ ಅಂದರೆ ಒಂದೂವರೆ ತಿಂಗಳು. ಯಾರಾದರೂ ಕೈಯಲ್ಲಿ ಹೆಣೆದದ್ದನ್ನು ನಿಮಗೆ ಕೊಟ್ಟರೆ ದಯವಿಟ್ಟು ಹಾಕಿಕೊಳ್ಳಿ.

ಕುಣಿಕೆ ಕಡ್ಡಿಯಿಂದ ಜಾರಿಬಿಟ್ಟಿತು!

ಗಾಬರಿ ಬೇಡ. ಮೊದಲು ಎಳೆಯುವುದನ್ನು ನಿಲ್ಲಿಸಿ, ಹೆಣಿಗೆಯನ್ನು ಮಡಿಲಲ್ಲಿ ಹರಡಿ. ಜಾರಿದ ಕುಣಿಕೆ ಕೆಳಗೆ ಇಳಿಯುತ್ತಾ ಹೋದ ದಾರಿಯಲ್ಲಿ ಅಡ್ಡಡ್ಡ ಎಳೆಗಳು ಕಾಣುತ್ತವೆ, ಏಣಿಯ ಮೆಟ್ಟಿಲುಗಳ ಹಾಗೆ. ಒಂದು ಮೆಟ್ಟಿಲು ಅಂದರೆ ಒಂದು ಸಾಲು. ಈಗ ಕ್ರೋಶಾ ಕೊಕ್ಕೆ ತೆಗೆದುಕೊಳ್ಳಿ. ಕೆಳಗೆ ಸಿಕ್ಕಿಕೊಂಡಿರುವ ಕುಣಿಕೆಯೊಳಗೆ ಮುಂದಿನಿಂದ ಕೊಕ್ಕೆ ತೂರಿಸಿ, ಅದರ ಮೇಲಿನ ಮೆಟ್ಟಿಲನ್ನು ಹಿಡಿದು ಒಳಗಿಂದ ಎಳೆಯಿರಿ. ಹೊಸ ಕುಣಿಕೆ ಆಯಿತು. ಮತ್ತೆ ಮೇಲಿನದು. ಮತ್ತೆ ಮೇಲಿನದು. ಏಣಿ ಮುಗಿದಾಗ ಕುಣಿಕೆಯನ್ನು ಕಡ್ಡಿಗೆ ಏರಿಸಿ. ಒಗೆದ ಮೇಲೆ ಎಲ್ಲಿ ಜಾರಿತ್ತು ಅಂತ ನಿಮಗೇ ಸಿಗುವುದಿಲ್ಲ. ಹೆಣಿಗೆ ಚೀಲದಲ್ಲಿ ಒಂದು ಕೊಕ್ಕೆ ಸದಾ ಇರಲಿ ಅನ್ನುವುದು ಇದಕ್ಕೇ.

ಕ್ರೋಶಾ ಪ್ಯಾಟರ್ನ್ ನೋಡಿ ಹಾಕಿದರೂ ಅಳತೆ ಸರಿ ಬರಲ್ಲ, ಯಾಕೆ?

ಒಂದೇ ಬಗೆಯ ಕುಣಿಕೆಗೆ ಅಮೆರಿಕದ ಹೆಸರು ಬೇರೆ, ಬ್ರಿಟನ್ನಿನ ಹೆಸರು ಬೇರೆ. ಅಮೆರಿಕದವರ ಸಿಂಗಲ್ ಕ್ರೋಶಾನೇ ಬ್ರಿಟನ್ನಿನವರ ಡಬಲ್ ಕ್ರೋಶಾ. ಅಮೆರಿಕದ ಡಬಲ್ ಅಂದರೆ ಬ್ರಿಟನ್ನಿನ ಟ್ರೆಬಲ್. ಮೊದಲ ಪುಟದಲ್ಲಿ ಯಾವ ಕಡೆಯದು ಅಂತ ನೋಡಿ. "ಸಿಂಗಲ್" ಎಂಬ ಪದ ಕಂಡರೆ ಅಮೆರಿಕದ್ದು ಅಂತಲೇ ತಿಳಿಯಿರಿ.

ಇದರಲ್ಲಿ ಗಣಿತವೂ ಇದೆಯಂತೆ?

ಇದೆ, ಅದೂ ದೊಡ್ಡ ಗಣಿತ. ಪ್ರತಿ ಸಾಲಿನಲ್ಲೂ ಒಂದೇ ಲೆಕ್ಕದಲ್ಲಿ ಕುಣಿಕೆ ಹೆಚ್ಚಿಸುತ್ತಾ ಹೋದರೆ, ಉದಾಹರಣೆಗೆ ಪ್ರತಿ ಐದಕ್ಕೆ ಒಂದು, ಬಟ್ಟೆಗೆ ಸಮತಟ್ಟಾಗಿ ಮಲಗಲು ಜಾಗ ಸಾಲದೆ ಅಂಚು ಅಲೆ ಅಲೆಯಾಗಿ ಏಳುತ್ತದೆ. ಗಣಿತದಲ್ಲಿ ಇದಕ್ಕೆ ಹೈಪರ್ಬೋಲಿಕ್ ಮೇಲ್ಮೈ ಅನ್ನುತ್ತಾರೆ. ಕಾಗದದಲ್ಲಿ ಮಾಡಿದ ಮಾದರಿಗಳು ಹರಿದು ಹೋಗುತ್ತಿದ್ದವು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನ ಅದನ್ನು ಕ್ರೋಶಾದಲ್ಲಿ ಹಾಕಿ ತೋರಿಸಿದರು. ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು, ಮಡಿಸಿ ನೋಡುವಂತಾಯಿತು. ಹವಳ, ಕಡಲ ಪಾಚಿಗಳ ಆಕಾರವೂ ಹೀಗೇ ಇರುತ್ತದೆ. ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಎಂಬ ಅಕ್ಕತಂಗಿಯರು 2005ರಲ್ಲಿ ಇದೇ ವಿಧಾನದಿಂದ ನೂಲಿನ ಹವಳದ ದಿಬ್ಬ ಕಟ್ಟಲು ಶುರು ಮಾಡಿದರು. ಸಾವಿರಾರು ಜನ ಅದಕ್ಕೆ ಕೈ ಸೇರಿಸಿದ್ದಾರೆ.

ಕೈ ನೋಯುತ್ತದೆ.

ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಬೆರಳು ಅಗಲಿಸಿ, ಮಣಿಕಟ್ಟು ತಿರುಗಿಸಿ. ನೂಲನ್ನು ಬಿಗಿ ಹಿಡಿಯಬೇಡಿ. ಮರಗಟ್ಟಿದರೆ ವೈದ್ಯರನ್ನು ಕಾಣಿ.

ಉಣ್ಣೆ ಸ್ವೆಟರ್ ಒಗೆದರೆ ಚಿಕ್ಕದಾಯಿತು, ಏನು ಮಾಡಲಿ?

ನನಗೂ ಹೀಗೆ ಆಗಿದೆ, ಹೊಟ್ಟೆ ಉರಿದಿದೆ. ಒಗೆಯಲು ಕೊಟ್ಟ ಕಡೆ ಬಿಸಿನೀರಿನ ಯಂತ್ರಕ್ಕೆ ಹಾಕಿಬಿಟ್ಟಿದ್ದರು. ದೊಡ್ಡವರ ಸ್ವೆಟರ್ ಮಗುವಿನದಾಗಿ, ರಟ್ಟಿನ ಹಾಗೆ ಬಂತು. ಉಣ್ಣೆ ಎಳೆಯ ಮೈಮೇಲೆ ಮೀನಿನ ಹಾಗೆ ಪುಟ್ಟ ಪುಟ್ಟ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಾಡಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಇದೊಂದನ್ನು ಮಾತ್ರ ಬಿಚ್ಚಲಾಗುವುದಿಲ್ಲ. ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ನೇತು ಹಾಕಬೇಡಿ, ಜೋತು ಬೀಳುತ್ತದೆ.

ಹಳೆಯ ಸ್ವೆಟರ್ ಬಿಚ್ಚಿ ಅದೇ ನೂಲಿನಲ್ಲಿ ಹೊಸದು ಹೆಣೆಯಬಹುದಾ?

ಖಂಡಿತ. ಕೈಯಲ್ಲಿ ಹೆಣೆದದ್ದಾದರೆ ಯೋಚನೆಯೇ ಇಲ್ಲ. ಅಂಗಡಿಯದ್ದಾದರೆ ಮೊದಲು ಒಳಮಗ್ಗುಲಿನ ಜೋಡಣೆ ನೋಡಿ. ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಬಿಟ್ಟುಬಿಡಿ, ಪ್ರತಿ ಸಾಲಿಗೂ ಒಂದೊಂದು ತುಂಡು ನೂಲೇ ಸಿಗುತ್ತದೆ. ಅಂಚು ಕುಣಿಕೆಗೆ ಕುಣಿಕೆ ಸೇರಿದ್ದರೆ ಒಳ್ಳೆಯದು.

ಜೋಡಣೆ ಬಿಡಿಸಿ, ಹೆಣಿಗೆ ಮುಗಿಸಿದ ತುದಿಯಿಂದ ಎಳೆಯಲು ಶುರು ಮಾಡಿ. ಶುರು ಮಾಡಿದ ತುದಿಯಿಂದ ಅದು ಸಲೀಸಾಗಿ ಬಿಚ್ಚುವುದಿಲ್ಲ. ಬಂದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಹೋಗಿ. ಅದು ಗುಂಗುರು ಗುಂಗುರಾಗಿ, ಜಡೆ ಬಿಚ್ಚಿದ ಕೂದಲಿನ ಹಾಗೆ ಇರುತ್ತದೆ. ಹಾಗೇ ಹೆಣೆದರೆ ಕುಣಿಕೆ ಏರುಪೇರಾಗುತ್ತದೆ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಕುರ್ಚಿಯಿಂದ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅಲುಗಾಡಿಸದೆ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ನೀರು ಒತ್ತಿ ತೆಗೆದು ನೇತು ಹಾಕಿ, ಕೆಳಗೆ ಹಗುರವಾದ ಒಂದು ಹ್ಯಾಂಗರ್ ಸಿಕ್ಕಿಸಿ. ಒಣಗುತ್ತಾ ಒಣಗುತ್ತಾ ಗುಂಗುರು ಇಳಿಯುತ್ತದೆ. ಮರುದಿನ ಉಂಡೆ ಸುತ್ತಿ. ಸುತ್ತುವಾಗ ಬೆರಳಿಗೆ ತೆಳು ಅನ್ನಿಸಿದ ಜಾಗಗಳನ್ನು ಅಲ್ಲೇ ಕತ್ತರಿಸಿ ತೆಗೆದುಬಿಡಿ, ಮೊಣಕೈ ಸವೆದದ್ದು ಅಲ್ಲೇ.